ಜುಮಾನಾಳಿಗಾಗಿ ಕಲಿತ ಇಂಗ್ಲಿಷ್

ಮಾರ್ಚ್ 3

ಇವತ್ತಿನ ಪದ: ಪರ್ಸ್ವೇಡ್. ಅರ್ಥ — ಮನವೊಲಿಸು. ನನ್ನ ಬಾಯಲ್ಲಿ ಮತ್ತೆ ‘ಬರ್ಸ್ವೇಡ್’. ಅರಬ್ಬಿ ನಾಲಿಗೆಗೆ ಪಕಾರವೇ ಇಲ್ಲ. ಮೇಲಿನ ಮನೆಯ ಮಾದಾಮ್ ಇವೋನ್, ರಿಟೈರ್ಡ್ ಟೀಚರ್, ನನ್ನ ತುಟಿಯ ಮುಂದೆ ಕಾಗದದ ಚೂರು ಹಿಡಿದರು. ‘ಪ’ ಅಂದಾಗ ಅದು ಅಲ್ಲಾಡಬೇಕಂತೆ. ಅಲ್ಲಾಡಲಿಲ್ಲ.

“ಬಹ್ಗತ್ ಮೇಸ್ತ್ರಿ, ಮಗಳನ್ನ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ ಅನ್ನು.”

“ಬಾರ್ಕ್...”

“ಆಯ್ತಪ್ಪ, ಅಪ್ಪ ಮಗಳು ಇಬ್ರೂ ಕೂತು ಬೊಗಳಿ!”

ನಕ್ಕೆ. ಟ್ರಾಮ್ ವರ್ಕ್‌ಷಾಪಿನ ಗ್ರೀಸ್ ಇನ್ನೂ ಉಗುರಲ್ಲಿ. ವಯಸ್ಸು ನಲವತ್ತಾರು.

ಮಾರ್ಚ್ 9

ಲೆವರೇಜ್. ‘ಲೀವರಿಜ್’ ಅನ್ನಬೇಕಂತೆ. ಅರ್ಥ — ಎದುರಿನವರನ್ನು ಬಗ್ಗಿಸಲು ನಮ್ಮ ಕೈಲಿರುವ ಹಿಡಿತ.

“ನಿನ್ ಹತ್ರ ಏನಿದೆ?” ಮಾದಾಮ್ ಕೇಳಿದರು.

ವಿಚ್ಛೇದನದ ದಿನ ಇನಾಸ್ ಬರೆದುಕೊಟ್ಟ ಕಾಗದ ತೋರಿಸಿದೆ. ಪ್ರತಿ ಬೇಸಿಗೆ ಮಗಳನ್ನು ಒಂದು ತಿಂಗಳು ಅಲೆಕ್ಸಾಂಡ್ರಿಯಾಕ್ಕೆ ಕಳಿಸುತ್ತೇನೆ ಎಂದು. ಜುಮಾನಾಗೆ ಆಗ ಮೂರು. ಈಗ ಹತ್ತು. ಇನಾಸ್ ಇಂಗ್ಲೆಂಡಿಗೆ ಕರೆದುಕೊಂಡು ಹೋದಮೇಲೆ ಒಂದು ಬೇಸಿಗೆಯೂ ಮಗಳು ಬರಲಿಲ್ಲ. ಫೋನ್ ಎರಡು ವರ್ಷ ಇತ್ತು. ಆಮೇಲೆ ನಂಬರೇ ಬದಲು. ಮುಂದಿನ ತಿಂಗಳು ವಿಡಿಯೋದಲ್ಲಿ ಸಂಧಾನ — ಅಲ್ಲಿಯವರೊಬ್ಬರು ನಡೆಸುತ್ತಾರೆ, ಎಲ್ಲ ಇಂಗ್ಲಿಷಿನಲ್ಲೇ.

“ಇದನ್ನ ಮೊದಲೇ ತೆಗೀಬೇಡ. ಅವಳು ಆಗಲ್ಲ ಅಂದ್ಮೇಲೆ ತೆಗಿ.”

ಮಾರ್ಚ್ 24

ಎರಡು ವಾರ ಡಬಲ್ ಶಿಫ್ಟ್. ಟ್ರಾಮಿನ ಕೆಳಗೆ ಮಲಗಿಯೇ ಬಾಯಿಪಾಠ. ಕಾಂಪ್ರಮೈಸ್ — ರಾಜಿ. ಇವತ್ತು ಕಾಗದ ಅಲ್ಲಾಡಿತು! ಮಾದಾಮ್ ಚಪ್ಪಾಳೆ ತಟ್ಟಿದರು. ಈಸ್ಟರ್‌ಗೆ ಮುಂಚಿನ ಅವರ ಉಪವಾಸದ ದಿನಗಳು. ನಿಂಬೆ ಹಿಂಡಿದ ಬೇಯಿಸಿದ ಕಾಳಿನ ಫೂಲ್, ಬ್ರೆಡ್ಡು ಬಡಿಸಿದರು.

ಸಣ್ಣ ಕೋಣೆಗೆ ಹಳದಿ ಬಣ್ಣ ಹೊಡೆದೆ. ಮಂಚ ತಂದೆ.

ಏಪ್ರಿಲ್ 2, ಸಂಜೆ 6

ಗೆದ್ದೆ. ನಿಜವಾಗಿ ಗೆದ್ದೆ. ಇನಾಸ್ ಆಗಲ್ಲ ಅಂದಳು. ಕಾಗದ ತೆಗೆದೆ. ಒಂದು ಪದವೂ ತಪ್ಪಲಿಲ್ಲ. ಸಂಧಾನದ ಹೆಂಗಸು ತಲೆಯಾಡಿಸಿದರು. ಇನಾಸ್ ತಲೆ ತಗ್ಗಿಸಿ, “ಸರಿ, ಜುಲೈ ಪೂರ್ತಿ ಕಳಿಸ್ತೀನಿ,” ಅಂದಳು.

ಆಮೇಲೆ ಮಗುವನ್ನು ಕರೆದರು. ಎಷ್ಟು ಎತ್ತರ ಆಗಿದ್ದಾಳೆ... ಅರಬ್ಬಿಯಲ್ಲಿ, “ಹೇಗಿದೀಯ ಕಂದಾ?” ಅಂದೆ. ಅವಳು ಅಮ್ಮನ ಮುಖ ನೋಡಿದಳು. ಅರ್ಥವಾಗಿರಲಿಲ್ಲ. ಅಮ್ಮನ ತೋಳು ಹಿಡಿದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು:

“ಹೋಗ್ಲೇಬೇಕಾ ಮಮ್ಮಿ? ನಂಗವ್ರು ಗೊತ್ತೇ ಇಲ್ಲ.”

ಇಂಗ್ಲಿಷ್ ಕಲಿಯುವ ಮೊದಲಾಗಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಬೇಡ ಅಂದೆ. ಬರಬೇಕಾಗಿಲ್ಲ ಅಂದೆ. ಆ ಹೆಂಗಸು ಎರಡು ಸಲ ಕೇಳಿದರು — ಖಂಡಿತಾನಾ? ಖಂಡಿತ. ಶುಕ್ರವಾರ ಶುಕ್ರವಾರ ಫೋನ್ ಮಾಡಲಾ ಎಂದು ಮಗಳನ್ನೇ ಕೇಳಿದೆ. ಯೋಚಿಸಿ, “ಓಕೆ” ಅಂದಳು.

ಮಾದಾಮ್ ಬಾಗಿಲಲ್ಲೇ ಕಾಯುತ್ತಿದ್ದರು. ನನ್ನ ಮುಖ ನೋಡಿದರು. ಒಳಗೆ ಕರೆದು ಚಹಾ ಇಟ್ಟರು.

ಏಪ್ರಿಲ್ 10, ಶುಕ್ರವಾರ

ನಾಲ್ಕು ನಿಮಿಷ ಮಾತಾಡಿದೆವು. ಶಾಲೆ, ಈಜು, ಒಂದು ಬೆಕ್ಕು. ಬಹಳ ಮರ್ಯಾದೆಯ ಹುಡುಗಿ. ಕೊನೆಗೆ ತಡೆದು ತಡೆದು, “ನಿಮ್ಮನ್ನ ನಾನು ಏನಂತ ಕರೀಲಿ?” ಅಂದಳು.

ಇಷ್ಟು ಪದ ಕಲಿತಿದ್ದೆ. “ಸದ್ಯಕ್ಕೆ ಬಹ್ಗತ್ ಅನ್ನು,” ಅಂದೆ.