ಐಸ್ ಕರಗುವ ತನಕ

ಭಾನುವಾರ, ಜನವರಿ ೧೮

ಪ್ರೀತಿಯ ಮೈದುನನಿಗೆ,

ಅತ್ತಿಗೆಯ ಆಶೀರ್ವಾದ. ಎರಡು ಬೀದಿ ಆಚೆ ಇರುವವನಿಗೆ ಅಂಚೆಯಲ್ಲಿ ಕಾಗದ ಹಾಕುತ್ತಿದ್ದೇನೆ ಎಂದು ನಗಬೇಡ. ಫೋನ್ ಮಾಡಿದರೆ ನಿನ್ನಣ್ಣ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ. ನಿನ್ನ ಚೀಟಿಗೆ ಉತ್ತರ ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. "ಅಂಗಡಿ ನನ್ನ ತಲೆಗೆ ಕಟ್ಟಿ ಅಣ್ಣ ಮನೇಲಿ ಗೊಂಬೆ ಆಟ ಆಡ್ತಿದ್ದಾನಂತೆ, ನಿಜವಾ?" ಎಂದು ಕೇಳಿದ್ದೆ. ನಿಜ ಕಣಪ್ಪ. ಆದರೆ ಅದು ಎಂಥ ಆಟ ಅಂತ ಕೇಳು, ಆಮೇಲೆ ಬೇಕಾದರೆ ಬೈ.

ಕ್ಷೌರದಂಗಡಿಯ ಟಿವಿಯಲ್ಲಿ ನೀವಿಬ್ಬರೂ ಗಿರಾಕಿಯನ್ನೂ ಮರೆತು ನೋಡುತ್ತಿದ್ದಿರಲ್ಲ, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರಿ ಬಂದು ಗಾಳಿಯಲ್ಲಿ ಹಾರುವ ಸ್ಕೀ ಜಂಪಿಂಗ್, ಅದೀಗ ನಮ್ಮ ನಡುಮನೆಯಲ್ಲೇ ನಡೆಯುತ್ತಿದೆ. ನೀನು ರೇಗಿದ ದಿನ ಅಂಗಡಿಯಿಂದ ಎದ್ದು ಬಂದವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಗಡ್ಡ ಕುತ್ತಿಗೆ ಮುಚ್ಚಿತು. ನಾನು ಕತ್ತರಿ ಹಿಡಿದು ಹೋದರೆ ಮುಖ ತಿರುಗಿಸುತ್ತಿದ್ದರು. ಮನುಷ್ಯ ಕೈತಪ್ಪಿ ಹೋಗುತ್ತಾರೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು. ಒಂದು ಬೆಳಿಗ್ಗೆ ತಾವಾಗೇ ಎದ್ದು, "ಆ ಹಳೇ ಬಾಗಿಲು ಎಲ್ಲಿದೆಯೇ?" ಅಂದರು. ಅಷ್ಟು ಕೇಳಿಯೇ ನನಗೆ ಹೋದ ಜೀವ ಬಂದಂತಾಯಿತು.

ಅಟ್ಟದಿಂದ ಕೆಳಕ್ಕೆ ಓರೆಯಾಗಿ ಒರಗಿಸಿದ ಆ ಬಾಗಿಲೇ ಇಳಿಜಾರಾಯಿತು. ಮುರಿದ ಬಾಚಣಿಗೆಗಳ ಬೆನ್ನು ಸ್ಕೀ, ಶೇವಿಂಗ್ ಬ್ರಷ್ಷಿನ ಹಿಡಿ ಆಟಗಾರನ ಮೈ, ಟೂತ್‌ಪೇಸ್ಟ್ ಮುಚ್ಚಳ ಹೆಲ್ಮೆಟ್, ಮಂಡಿಗೆ ಪೆನ್ನಿನ ಸ್ಪ್ರಿಂಗ್. ಹಿಮಕ್ಕೆಂದು ಮೊದಲು ಶೇವಿಂಗ್ ನೊರೆ ಬಳಿದೆವು. ಬಡಪಾಯಿ ಅರ್ಧ ದಾರಿಯಲ್ಲೇ ಕುತ್ತಿಗೆವರೆಗೆ ಹೂತು ನಿಂತ. ಇಡೀ ಜನ್ಮ ನೊರೆಯಲ್ಲೇ ಕಳೆದವರಿಗೆ ಅಷ್ಟೂ ತಿಳಿಯಬಾರದೇ! ಆಮೇಲೆ ಪೌಡರ್ ಹಾಕಿದೆವು. ಕೊರೆಯುವುದು, ಅಂಟಿಸುವುದು ಎಲ್ಲ ನನ್ನ ಕೈಯಿಂದಲೇ ಮಾಡಿಸಿದರು. ಅಳತೆ ಮತ್ತು ಬೈಗುಳ ಮಾತ್ರ ಅವರದು.

ಎಷ್ಟು ದೂರ ಹಾರಿದರೂ ಒಂದು ಕಾಲು ಮುಂದಿಟ್ಟು, ಮಂಡಿ ಬಗ್ಗಿಸಿ ಇಳಿಯಬೇಕಂತೆ, ಇಲ್ಲದಿದ್ದರೆ ಅಂಕ ಕಡಿತ. ನಮ್ಮವನು ಪ್ರತಿ ಸಲವೂ ಮುಗ್ಗರಿಸುತ್ತಿದ್ದ. "ಬಿಡುವಾಗ ಕೈ ತಾಗ್ತಿದೆ ಕಣೇ. ಯಾರ ಕೈಯೂ ತಾಗಬಾರದು" ಎಂದು ನಿನ್ನಣ್ಣನದು ಒಂದೇ ಹಟ. ಕೊನೆಗೆ ಏನು ಯೋಚಿಸಿದರು ಗೊತ್ತೇ? ಮೇಲೆ ಎರಡು ಮೊಳೆಗಳ ನಡುವೆ ಐಸ್ ತುಂಡೊಂದನ್ನು ಸಿಕ್ಕಿಸಿ, ಅವನನ್ನು ಅದಕ್ಕೆ ಆನಿಸಿ ನಿಲ್ಲಿಸು ಅಂದರು. ನೀರು ಇಳಿದುಹೋಗಲು ಒಂದು ತೂತು. ಐಸ್ ಕರಗಿ ಬಿದ್ದುಹೋದಾಗ ಅವನಾಗಿಯೇ ಹೊರಡಬೇಕು.

ನಿನ್ನೆ ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಕೂತು ಕಾದೆವು. ಹನಿ, ಹನಿ. ಜೋರಾಗಿ ಉಸಿರಾಡಲೂ ಭಯ. ಇದ್ದಕ್ಕಿದ್ದಂತೆ ಹೊರಟ ನೋಡು! ಸೊಯ್ಯೆಂದು ಜಾರಿ, ತುದಿಯಲ್ಲಿ ಎದ್ದು, ನನ್ನ ಹೊಲಿಗೆ ಯಂತ್ರವನ್ನೂ ದಾಟಿ, ಅಬ್ಬಾ, ಗಾಳಿಯಲ್ಲಿ ನಿಂತೇಬಿಟ್ಟ ಅನ್ನಿಸಿತು. ನೆಲಕ್ಕೆ ಹಾಸಿದ್ದ ಅಂಗಡಿಯ ಬಿಳಿ ಹೊದಿಕೆಯ ಮೇಲೆ ಒಂದು ಕಾಲು ಮುಂದಿಟ್ಟು, ಮಂಡಿ ಬಗ್ಗಿಸಿ ಇಳಿದ. ಬೀಳಲಿಲ್ಲ! "ಇಳಿದ ಕಣೇ" ಅಂದರು ನಿನ್ನಣ್ಣ, ಕಣ್ಣು ತುಂಬಿಕೊಂಡು. ಬಾಚಣಿಗೆ, ಬ್ರಷ್ಷಿನಿಂದ ಇಂಥದ್ದೊಂದನ್ನು ಹಾರಿಸಬಲ್ಲರು ಎಂದು ಇಷ್ಟು ವರ್ಷ ಜೊತೆಗೆ ಬಾಳಿದ ನನಗೇ ಗೊತ್ತಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಂಗಡಿ ಚೆನ್ನಾಗಿ ನಡೆಯಲಿ, ನಗುನಗುತ್ತಾ ನೂರು ಕಾಲ ಬಾಳು.

ಇಂತಿ,
ನಿನ್ನ ಅತ್ತಿಗೆ

ತಾ.ಕ.: ಇದನ್ನು ಮೇಲೆ ಬರೆಯಲು ಮನಸ್ಸು ಬರಲಿಲ್ಲ. ಆ ದಿನ ಅವರು ನಿನಗೇ ಶೇವ್ ಮಾಡುತ್ತಾ ಗಲ್ಲ ಕೊಯ್ದಾಗ, "ಕಣ್ಣೆಲ್ಲಿ ಇಟ್ಕೊಂಡಿದ್ದೀಯಣ್ಣ?" ಎಂದು ನೀನು ರೇಗಿದೆಯಲ್ಲ, ಆ ಮಾತಿಗೆ ಮುನಿಸಿಕೊಂಡರೆಂದೇ ನೀನು ತಿಳಿದಿದ್ದೀಯ. ನಾನೂ ಹಾಗೇ ತಿಳಿದಿದ್ದೆ. ನಿನ್ನೆ ಐಸ್ ಕರಗುತ್ತಿದ್ದಾಗ, ತೊಡೆಯ ಮೇಲಿನ ಟವೆಲಿನ ಕೆಳಗೆ ಅವರ ಬಲಗೈ ನಡುಗುತ್ತಿತ್ತು. ನಾನು ಹಿಡಿದುಕೊಂಡೆ. ಹಿಡಿದರೂ ನಿಲ್ಲಲಿಲ್ಲ. "ಇನ್ನೂ ಸ್ವಲ್ಪ ಕೆಳಗೆ ತಾಗಿದ್ರೆ ಅವನ ಕುತ್ತಿಗೆ ಕಣೇ" ಅಂದರು. "ಅವನಿಗೆ ಹೇಳ್ಬೇಡ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ, ಕನಿಕರ ಬೇಡ." ನಾನು ಹೇಳಿಬಿಟ್ಟೆ. ಈ ಕಾಗದ ಕೈಸೇರಿದ ಕೂಡಲೇ ಬಾ. ಆ ಗಡ್ಡವನ್ನು ಬೇರೆ ಯಾರೂ ಮುಟ್ಟಲು ಬಿಡುವುದಿಲ್ಲ ಅವರು. ಬರುವಾಗ ನಿನ್ನ ಕತ್ತಿ ತಾ.