ಊರು ಸುಡುವ ಹೊತ್ತಿನ ರಾಗ

ಮನೆಯ ಹಿಂದಿನ ಕೋಣೆಯಿಂದ,
ಹನ್ನೆರಡನೇ ತಾರೀಖು, ಬುಧವಾರ, ಊಟವಾದ ಮೇಲೆ

ಪ್ರೀತಿಯ ಕೊಕ್ಕರೆ,

ಗಂಟಲು ಹೇಗಿದೆ? ಹೋದ ಸಲ ಫೋನಿನಲ್ಲಿ ನಿನ್ನ ದನಿ ನೆಲದ ಮೇಲೆ ತಗಡು ಎಳೆದ ಹಾಗಿತ್ತು. ಬಿಸಿನೀರು ಕುಡಿಯುತ್ತಿದ್ದೇನೆ ಅಂದೆ. ನೀನು ಕುಡಿಯುವ ಚೆಂದ ನನಗೆ ಗೊತ್ತಿಲ್ಲವೇ? ಲೋಟ ಕೈಯಲ್ಲಿ ಹಿಡಿದು, ಅದು ತಣ್ಣಗಾಗುವ ತನಕ ಕಿಟಕಿಯಾಚೆ ನೋಡುತ್ತಾ ಕೂತಿರುತ್ತೀಯೆ. ಕತ್ತುನೋವು ಇಳಿಯಿತೇ? ಅಷ್ಟುದ್ದದ ಮೈ ಕೊಟ್ಟಿರುವುದು ಮೂರು ಹೊತ್ತೂ ವಾದ್ಯದ ಮೇಲೆ ಬಗ್ಗಿ ಕೂರಲಿಕ್ಕಲ್ಲ. ನನ್ನ ಮಂಡಿ ಎಂದಿನಂತೆಯೇ ಇದೆ, ಅಂದರೆ ಕೆಟ್ಟದಾಗಿದೆ. ಹೊಸ ಕನ್ನಡಕ ಬಂತು. ಅದು ಬಂದ ಮೇಲೆ ನಿನ್ನ ಅಮ್ಮನ ಅಡುಗೆಮನೆಯ ಮೂಲೆಗಳು ನನಗೆ ಸರಿಯಾಗಿ ಕಾಣತೊಡಗಿ, ನಮ್ಮಿಬ್ಬರ ನಡುವೆ ಮಾತು ಸ್ವಲ್ಪ ಕಡಿಮೆಯಾಗಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತರೂ ಕೈ ಇನ್ನೂ ಹತೋಟಿಗೆ ಬಂದಿಲ್ಲ, ಅಕ್ಷರ ಅಡ್ಡಾದಿಡ್ಡಿಯಾದರೆ ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಣ್ಣ ಗೋಡೆಯ ಆಚೆಗೇ ಇರುತ್ತಾನೆ. ಹಜಾರವೆಲ್ಲ ಅವನ ಕಂಪ್ಯೂಟರ್ ಆಟದ ಕಾರ್ಖಾನೆಯಾಗಿದೆ. ಸೋಫಾ ಗೋಡೆಗೆ ಒರಗಿ ನಿಂತಿದೆ, ನೆಲದ ತುಂಬಾ ವೈರು, ಎರಡು ಮೂಲೆಗೆ ಎರಡು ಕರೀ ಸ್ಪೀಕರು. ಆಟಕ್ಕೆ ಮನೆ, ಗೋಡೆ, ಬೀದಿ ಎಲ್ಲ ಬರೆದುಕೊಡುವ ಆ ಚಿತ್ರದ ಹುಡುಗಿ ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬೆಳಿಗ್ಗೆಯೇ ಬಂದು ಕೂರುತ್ತಾಳೆ. ಅದು ಹಳೇ ಕಾಲದ ರಾಜ್ಯ ಕಟ್ಟುವ ಆಟ ಎಂಬುದು ನಿನಗೆ ಗೊತ್ತು. ಆಡಿದ ಮೇಲೆ ನನಗೂ ಗೊತ್ತಾಯಿತು. ನದಿಯ ದಂಡೆಯಲ್ಲಿ ಗುಡಿಸಲು ಹಾಕುವುದರಿಂದ ಶುರು. ಆಮೇಲೆ ಕಣಜ, ಆಮೇಲೆ ಕೋಟೆ, ಹೊಟ್ಟೆ ತುಂಬಿದ ಮೇಲೆ ಪಕ್ಕದ ಊರಿನ ಮೇಲೆ ಕಣ್ಣು. ಆ ಊರನ್ನು ಸುತ್ತುವರಿದಾಗ ಆಟ ಕೇಳುತ್ತದೆ, ಸುಡಲೇ, ಬಿಡಲೇ ಎಂದು. ಆ ಒಂದು ಗಳಿಗೆಗೆ ಬೇಕಾದ ಸಂಗೀತ ಮಾಡುವ ಕೆಲಸವನ್ನು ನಿನ್ನ ಅಣ್ಣ ನಿನಗೆ ಕೊಟ್ಟಿದ್ದ. ಅದೊಂದು ಹೊಂದಿದರೆ ಇಡೀ ಆಟದ ಸಂಗೀತ ತಂಗಿಯದೇ ಎಂದು ಅವನು ಹೇಳಿದಾಗ ನಾನು ಅಲ್ಲೇ ಇದ್ದೆ. ಅದನ್ನು ನಂಬಿಕೊಂಡು ನೀನು ಶಾಲೆಯ ಕೆಲಸ ಬಿಟ್ಟು ಕೂತಿದ್ದೀಯೆ. ಅವನ ಮಾತಿಗೆ ಕಾದು ಕಾದು ನಿನಗೆ ಊಟ ಸೇರುತ್ತಿಲ್ಲ ಅಂತ ನಿನ್ನ ಅಮ್ಮ ಹೇಳಿದಳು.

ನಿನ್ನ ರಾಗ ಬಂದ ದಿನ ಹಜಾರದ ಸ್ಪೀಕರಿನಲ್ಲಿ ಹಾಕಿದರು. ಒಂದೇ ತಂತಿ ಎಳೆದೆಳೆದು ಬರುತ್ತದೆ, ಅದರ ಹಿಂದೆ ಬಾಯಿ ಮುಚ್ಚಿಕೊಂಡು ನೀನು ಗುನುಗಿದ್ದೀಯೆ. ನಾನು ಅವರೆಕಾಳು ಸುಲಿಯುತ್ತಿದ್ದವಳು ಸಿಪ್ಪೆಯನ್ನು ಪಾತ್ರೆಗೆ, ಕಾಳನ್ನು ಕಸಕ್ಕೆ ಹಾಕುತ್ತಾ ಕೂತಿದ್ದೆ. ಆ ಚಿತ್ರದ ಹುಡುಗಿ ತಾನೂ ಎಲ್ಲಿಂದಲೋ ಒಂದು ಸಂಗೀತ ತಂದಿದ್ದಳು. ಅದರಲ್ಲಿ ಬರೀ ಡೋಲು, ನಡುನಡುವೆ ಕಹಳೆ. ಯಾವುದು ಇರಲಿ ಅಂತ ಇಬ್ಬರೂ ಕಿತ್ತಾಡಿದರು. ಕೊನೆಗೆ ನಿನ್ನೆ ಆಡಿಸಿ ನೋಡೋಣವೆಂದು ಕೆಳಗಿನ ಮನೆಯ ದರ್ಜಿಯನ್ನು ಕರೆತಂದರು. ಹಲ್ಲಿಯನ್ನೂ ಹೊಡೆಯದೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟುಬರುವ ಪುಣ್ಯಾತ್ಮ ಅವನು. ಡೋಲು ಹಾಕಿದರು. ನೋಡನೋಡುತ್ತಿದ್ದಂತೆ ಅವನ ಕಾಲು ಹೊಲಿಗೆ ಯಂತ್ರ ತುಳಿದ ಹಾಗೆ ಕುಣಿಯಿತು. ಊರಿನ ಮೇಲೆ ಊರು ಸುಟ್ಟ. “ಸಾಕು, ಇಳಿ ಮಾರಾಯ” ಅಂದರೂ “ತಡೀರಿ, ಆ ಮೂಲೇಲಿ ಇನ್ನೊಂದಿದೆ” ಅಂತಾನೆ! ಆಮೇಲೆ ನಿನ್ನ ರಾಗ ಹಾಕಿದರು. ಅವನು ಊರನ್ನು ಸುತ್ತುವರಿದ. ಆಟ ಕೇಳಿತು. ಅವನು ಮೌಸಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, “ಇವರಿಗೆ ಹೋಗೋಕೆ ಬೇರೆ ಜಾಗ ಇದೆಯಾ?” ಎಂದು ಕೇಳಿದ. ನಿನ್ನ ಅಣ್ಣ, “ಅವು ಬೊಂಬೆ ಕಣಣ್ಣ” ಅಂದ. “ಗೊತ್ತು, ಆದರೂ ಕೇಳ್ದೆ” ಅಂದು ಎದ್ದು ಹೋದ. ಕೊಟ್ಟ ಚಹಾ ಹಾಗೇ ಇತ್ತು.

ನಾನು ಅವನನ್ನು ನೋಡಿ ನಕ್ಕೆ, ಕೊಕ್ಕರೆ. ಡೋಲಿಗೆ ಕುಣಿದು ರಾಗಕ್ಕೆ ಕರಗುವುದು, ಗಂಡಸು ಇಷ್ಟೇ ಎಂದೂ ಅಂದೆ. ನಿನ್ನ ಅಣ್ಣನಿಗೆ ಅದೇ ಬೇಕಾಗಿತ್ತು, “ಹಾಗಾದ್ರೆ ನೀನೇ ಬಾ ಅಜ್ಜಿ” ಅಂತ ನನ್ನನ್ನು ಕೂರಿಸಿದ. ಆ ಊರು ನನಗೆ ಹೊಸದಲ್ಲ. ಹುಡುಗಿ ಅದನ್ನು ಬರೆಯುವಾಗ ಪಕ್ಕದಲ್ಲಿ ಕೂತು, ಮಾಡಿನಿಂದ ಮಾಡಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಹಾಕು, ಜನ ಇದ್ದಾರೆ ಅಂತ ಗೊತ್ತಾಗಲಿ ಎಂದು ಹೇಳಿಕೊಟ್ಟವಳೇ ನಾನು. ಸೀರೆಯಷ್ಟುದ್ದದ ಒಂದು ಹಳದಿ ಬಟ್ಟೆ, ಮಕ್ಕಳ ಅಂಗಿ, ಎಲ್ಲ ಗಾಳಿಗೆ ಆಡುತ್ತಿದ್ದವು. ಡೋಲು ಶುರುವಾಯಿತು. ಮೊದಲು ಪಾದಕ್ಕೆ ಬಂತು, ಆಮೇಲೆ ಹೊಟ್ಟೆಗೆ ಬಂತು, ಆಮೇಲೆ ನಾನು ಎಲ್ಲಿದ್ದೆನೋ ನನಗೇ ತಿಳಿಯದು. ಸುಡಲೇ ಅಂತ ಅದು ಪೂರ್ತಿ ಕೇಳುವುದರೊಳಗೆ ಒತ್ತಿದ್ದೆ. ಆ ಹಳದಿ ಬಟ್ಟೆಗೆ ಬೆಂಕಿ ಹತ್ತಿದ್ದನ್ನು ಹೊಸ ಕನ್ನಡಕದಲ್ಲಿ ಸ್ಪಷ್ಟವಾಗಿ ನೋಡಿದೆ. ನೋಡಿ ಏನು ಮಾಡಿದೆ ಗೊತ್ತೇ? ಚಪ್ಪಾಳೆ ತಟ್ಟಿದೆ. ಕಹಳೆ ಏರಿದಾಗ “ಹಾಗೆ! ಇನ್ನೊಂದು ತೋರಿಸು!” ಎಂದು ಕೂಗಿದೆನಂತೆ. ಕೂಗಿದ್ದು ನೆನಪಿಲ್ಲ. ನಿನ್ನ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದು, “ಏನಾಯ್ತು ಅತ್ತೆ, ಬಿದ್ರಾ?” ಅಂದಳು.

ಸಂಗೀತ ನಿಂತಾಗ ಕುರ್ಚಿ ಬಿಟ್ಟು ಎದ್ದೆ. ನಾನು ಜಗಳಗಂಟಿ ಹೌದು, ಬಾಯಿ ಜೋರು ಹೌದು, ಇಲ್ಲವೆನ್ನುವುದಿಲ್ಲ. ಆದರೆ ಜೀವಮಾನದಲ್ಲಿ ಯಾರ ಮನೆಯ ಒಂದು ಹೆಂಚು ಕಿತ್ತವಳಲ್ಲ. ಇಷ್ಟು ವರ್ಷ ನನ್ನ ಜೊತೆಗೇ ಉಂಡು ಮಲಗಿದ ಈ ಹೆಂಗಸು ಯಾರು ಎಂದು ನನಗೇ ದಿಗಿಲಾಯಿತು. ನಿನ್ನ ಅಣ್ಣ, ಆ ಹುಡುಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೆ. ಏನು ಹತ್ತಿತ್ತೆಂದು ತೊಳೆದೆನೋ!

ಇವತ್ತು ಬೆಳಿಗ್ಗೆ ಅದೇ ಊರಿಗೆ ನಿನ್ನ ರಾಗ ಹಾಕಿ ಕೂರಿಸಿದರು. ಈ ಸಲ ಹಳದಿ ಬಟ್ಟೆ ನೋಡಿದೆ, ಅದನ್ನು ಒಗೆದವಳು ಯಾರಿರಬಹುದು ಎಂದು ಯೋಚಿಸಿದೆ, ಅಷ್ಟರಲ್ಲಿ ನಿನ್ನ ಗಂಟಲು ಬಂತು. ಬೆರಳು ಮಡಚಿಕೊಂಡಿತು. ಬಿಟ್ಟುಬಿಟ್ಟೆ. ಸುಡದೆ ಬಿಟ್ಟ ಊರಿನವರು ಸುಮ್ಮನಿರುತ್ತಾರೆಯೇ? ಸೈನ್ಯ ಕಟ್ಟಿಕೊಂಡು ಬಂದು ನನ್ನ ಕಣಜ ಬಾಚಿಕೊಂಡು ಹೋದರು, ನನ್ನ ಕೋಟೆಯನ್ನೂ ಕೆಡವಿದರು. ನಾನು ನೋಡುತ್ತಾ ಕೂತೆ. ನಿನ್ನ ಅಣ್ಣ ತಲೆ ಚಚ್ಚಿಕೊಂಡ. “ಹೀಗಾಡಿದ್ರೆ ಯಾರೂ ಗೆಲ್ಲಲ್ಲ ಅಜ್ಜಿ. ಗೆಲ್ಲದೇ ಇರೋ ಆಟ ಯಾರು ಆಡ್ತಾರೆ?” ನಾನು ಸುಮ್ಮನಿರದೆ, ರಾಗ ಚೆನ್ನಾಗಿಲ್ಲವೋ ಎಂದು ಕೆಣಕಿದೆ. “ಚೆನ್ನಾಗಿದೆ. ಅದೇ ತೊಂದರೆ” ಅಂದ. ಅವನನ್ನು ಬಯ್ಯಬೇಡ. ಅವನ ಕಣ್ಣಿನ ಸುತ್ತ ಮಸಿ ಬಳಿದ ಹಾಗಾಗಿದೆ, ಈ ಆಟ ಬಿದ್ದರೆ ಅವನೂ ಬೀಳುತ್ತಾನೆ. ಕಂಪ್ಯೂಟರ್ ಮುಚ್ಚಿಟ್ಟು ಊಟ ಮಾಡುವಾಗಲೂ ಕಿವಿಗೆ ಸಿಕ್ಕಿಸಿಕೊಂಡು ಅವನು ಕೇಳುವುದು ನಿನ್ನದನ್ನೇ. ನಾನು ನೋಡಿದ್ದೇನೆ.

ಹೇಳುವುದು ಇಷ್ಟೇ. ಬರೆಯುತ್ತಿರುವಾಗಲೂ ಈ ಹಾಳು ಎಡಗೈ ಮೇಜಿನ ಮೇಲೆ ಡೋಲು ಬಾರಿಸುತ್ತಿದೆ. ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟಿದ್ದೇನೆ, ಆದರೂ ಬಿಡುತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಕತ್ತಿಗೆ ಬಿಸಿ ಬಟ್ಟೆ ಇಟ್ಟುಕೋ, ಬಿಸಿನೀರನ್ನು ಬಿಸಿಯಿರುವಾಗಲೇ ಕುಡಿ. ನಿನ್ನ ಪಕ್ಕದ ಕೋಣೆಯ ನರ್ಸಮ್ಮನಿಗೆ ನಾನು ಕೇಳಿದೆ ಎಂದು ಹೇಳು. ಎಲ್ಲಿದ್ದರೂ ತಣ್ಣಗಿರು ಮಗಳೇ.

ಇತಿ,
ಬೆಂಕಿ ಹಚ್ಚಿ ಬಂದ
ನಿನ್ನ ಅಜ್ಜಿ

ಮರೆತೆ, ಅಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ದರ್ಜಿ ಅಂಚೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳುತ್ತೇನೆ. ಊಟಕ್ಕೆ ಮೊದಲು ನಿನ್ನ ಅಣ್ಣ ನನ್ನನ್ನೇ ಕೇಳಿದ, ಯಾವುದು ಇಡಲಿ ಎಂದು. “ನಿನ್ನ ಆಟಕ್ಕೆ ಡೋಲೇ ಸರಿ ಕಣೋ” ಎಂದೆ. ನಿಜವಾಗಿ ಅದೇ ಸರಿ. ಹಾಗಂದವಳು ನಾನು, ಕೋಪವಿದ್ದರೆ ನನ್ನ ಮೇಲೆ ಇರಲಿ. ಆದರೆ ಅವನಿಗೆ ನಿನ್ನದನ್ನು ಬಿಡಲೂ ಮನಸ್ಸಿಲ್ಲ. ಭಾನುವಾರ ಫೋನ್ ಮಾಡುತ್ತಾನೆ, ನಿನ್ನ ರಾಗ ಹಾಗೇ ಇರಲಿ, ಅಡಿಯಲ್ಲಿ ಸ್ವಲ್ಪ ಡೋಲು ಸೇರಿಸಿಕೊಡು, ಇಡೀ ಆಟ ನಿನಗೇ ಅನ್ನುತ್ತಾನೆ. ಕೆಲಸ ಬಿಟ್ಟು ಕೂತವಳು ನೀನು, ಹೂಂ ಅನ್ನಬೇಕೆನಿಸುತ್ತದೆ. ಅನ್ನಬೇಡ. ಕೆಲಸ ಇನ್ನೊಂದು ಹುಡುಕೋಣ. ಆ ರಾಗಕ್ಕೆ ಊರು ಸುಡಲು ಬರುವುದಿಲ್ಲ. ನೀನು ಕೂತು ಕಲಿಸಬೇಡ.