ದಡಿಯನ ಬಟ್ಟಲು

ತಮ್ಮಾ, ನಾನು ಡ್ಯೂಟಿಗೆ ಹೊರಟೆ. ಮಧ್ಯಾಹ್ನ ಅಪ್ಪನಿಗೂ ದಡಿಯನಿಗೂ ನೀನೇ ಬಡಿಸಬೇಕು. ಒಲೆಯ ಮೇಲಿರುವ ಕೋಳಿ ಅನ್ನ ಇಬ್ಬರಿಗೂ ಸೇರಿಸಿಯೇ ಬೇಯಿಸಿದ್ದು. ಡಾಕ್ಟರು ಉಪ್ಪು ಬಿಡಿಸಿದ ಮೇಲೆ ಅಪ್ಪನ ಊಟಕ್ಕೂ ನಾಯಿಯ ಊಟಕ್ಕೂ ವ್ಯತ್ಯಾಸವೇ ಇಲ್ಲ. ಬೇರೆ ಬೇರೆ ಮಾಡಲು ನನಗೇನು ತಲೆ ಕೆಟ್ಟಿದೆಯೇ?

ಅಪ್ಪ ಎರಡು ತುತ್ತು ತಿಂದು, "ಬರೀ ಸಪ್ಪೆ, ಬಾಯಿಗೆ ಇಡೋಕಾಗಲ್ಲ" ಎಂದು ತಟ್ಟೆ ತಳ್ಳುತ್ತಾರೆ. ದಡಿಯ ತನ್ನ ಬಟ್ಟಲನ್ನು ಮೂಸಿಯೂ ನೋಡದೆ ಅಪ್ಪನ ಬಾಯಿಯನ್ನೇ ನೋಡುತ್ತಾ ಕೂರುತ್ತಾನೆ. ಅಂಥದ್ದರಲ್ಲಿ ಮೊನ್ನೆಯಿಂದ ತಟ್ಟೆ, ಬಟ್ಟಲು ಎರಡೂ ಖಾಲಿ. ಏನಿದು ಎಂದು ನಿನ್ನೆ ಬಾಗಿಲ ಸಂದಿಯಿಂದ ನೋಡಿದೆ. ತಟ್ಟೆ ನೆಲದ ಮೇಲೆ ದಡಿಯನ ಮುಂದಿತ್ತು, ಬಟ್ಟಲು ಅಪ್ಪನ ತೊಡೆಯ ಮೇಲಿತ್ತು. "ನಿನಗೆ ಮಾತ್ರ ಎಷ್ಟು ರುಚಿಯಾಗಿ ಮಾಡ್ತಾಳೋ" ಎಂದು ಅವನಿಗೇ ಹೇಳುತ್ತಾ ಬೆರಳು ನೆಕ್ಕುತ್ತಿದ್ದರು.

ನಗಬೇಕೋ ಗದರಬೇಕೋ ತಿಳಿಯದೆ ಹಿಂದೆ ಸರಿದೆ. ಈಗಲೂ ತಿಳಿಯುತ್ತಿಲ್ಲ. ನೀನು ಎಂದಿನಂತೆ ಬಡಿಸು, ಎರಡೂ ಒಂದೇ ಪಾತ್ರೆಯದ್ದೆಂದು ಬಾಯಿ ಬಿಡಬೇಡ. ಬಟ್ಟಲನ್ನು ಮಾತ್ರ ಮೊದಲೇ ಬಿಸಿನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆ.

ಆಮೇಲೆ ತಟ್ಟೆ ತೆಗೆಯಲು ಒಳಗೆ ಹೋಗುವಾಗ ಒಮ್ಮೆ ಕೆಮ್ಮಿ ಹೋಗು.

ಅಕ್ಕ